ಕ್ರ್ಯಾಕ್ ಹಾಕ್ಸೋಕೆ ಮುಂಚೆ ಒಂದ್ಸಲ ಓದು: ಬಿ.ಆರ್ಕ್ ಓದೋರಿಗೆ ಸಾಫ್ಟ್‌ವೇರ್ ಎಲ್ಲಿ, ಎಷ್ಟಕ್ಕೆ

ಪ್ರಶ್ನೆ: ಮೇಡಂ ನಮಸ್ತೆ. ನಾನು ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಮೂರನೇ ಸೆಮ್. ಊರು ಹಾವೇರಿ ಹತ್ರ, ಓದ್ತಿರೋದು ಬೆಂಗಳೂರಲ್ಲಿ, ಪಿಜಿಲಿದೀನಿ. ಈ ಸೆಮ್‌ನಿಂದ ಶೀಟ್ ಎಲ್ಲಾ ಡಿಜಿಟಲ್ ಅಂದ್ಬಿಟ್ಟಿದಾರೆ. ಕಾಲೇಜ್ ಲ್ಯಾಬಲ್ಲಿ ಪ್ಲಾನ್ ಎಳೆಯೋ ಆಟೋಕ್ಯಾಡ್ ಇದೆ, ಆದ್ರೆ ನಾಲ್ಕೂವರೆಗೆಲ್ಲ ಬೀಗ ಹಾಕ್ತಾರೆ. ಕಂಪ್ಯೂಟರ್ ಅಂಗಡಿಯವ್ರು 1,500 ಕೊಟ್ರೆ ಆಟೋಕ್ಯಾಡ್, ಸ್ಕೆಚ್‌ಅಪ್, ಲುಮಿಯನ್, ಫೋಟೋಶಾಪ್ ಎಲ್ಲಾ ಸೇರಿಸಿ ಫುಲ್ ಪ್ಯಾಕೇಜ್ ಕ್ರ್ಯಾಕ್ (ಲೈಸೆನ್ಸ್ ಇಲ್ದ ಕದ್ದ ಕಾಪಿ) ಹಾಕ್ಕೊಡ್ತೀವಿ ಅಂತಾರೆ, ಸೀನಿಯರ್ಸ್ ಅದನ್ನೇ ಪೆನ್‌ಡ್ರೈವಲ್ಲಿ ಸುಮ್ನೆ ಕೊಡ್ತಾರೆ. ಅಪ್ಪ ಈ ವರ್ಷ ಸಾಫ್ಟ್‌ವೇರ್ ಅಂತ 20,000 ಎತ್ತಿಟ್ಟಿದಾರೆ. ನನ್ನ ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಏನು ಕೊಂಡ್ಕೊಳ್ಳಲಿ? ರೆವಿಟ್ (ಇಡೀ ಬಿಲ್ಡಿಂಗನ್ನ 3ಡಿ ಮಾಡೆಲ್ ಮಾಡೋದು) ಬರ್ದೇ ಇದ್ರೆ ಕೆಲ್ಸಾನೇ ಸಿಗಲ್ಲ ಅಂತಾರಲ್ಲ, ನಿಜನಾ?

ಉತ್ತರ:

ಆ ಇಪ್ಪತ್ತು ಸಾವಿರದಲ್ಲಿ ಸಾಫ್ಟ್‌ವೇರ್‌ಗೆ ಅಂತ ಸದ್ಯಕ್ಕೆ ಒಂದು ರೂಪಾಯಿನೂ ಬಿಚ್ಚಬೇಡಮ್ಮ. ಅಂಗಡಿಯವನಿಗೆ ಆ 1,500 ಅಂತೂ ಬೇಡ್ವೇ ಬೇಡ, ಯಾಕಂದ್ರೆ ಅವನು ಕದ್ದು ಮಾರ್ತಿರೋ ಸಾಮಾನಲ್ಲಿ ಮುಖ್ಯವಾದದ್ದು ನಿನಗೆ ನ್ಯಾಯವಾಗೇ ಪುಕ್ಕಟೆ ಸಿಗತ್ತೆ, ಅದು ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೇ, ಗೊತ್ತಿದ್ರೂ ಆ ವೆರಿಫಿಕೇಶನ್ನಲ್ಲಿ ಒಂದೆರಡು ಸಲ ರಿಜೆಕ್ಟ್ ಆಗಿ ಬೇಜಾರಾಗಿ ಬಿಟ್ಟಿರ್ತಾರೆ. ಸ್ಟೂಡೆಂಟ್ ಆಗಿರೋ ಈ ಐದು ವರ್ಷ ಸಾಫ್ಟ್‌ವೇರ್ ನಿನಗೆ ದುಬಾರಿ ಅಲ್ಲ. ದುಬಾರಿ ಆಗೋದು ಮೆಷೀನು, ಮತ್ತೆ ಡಿಗ್ರಿ ಮುಗಿದ ಮೇಲಿನ ಮೊದಲ ಎರಡು ವರ್ಷ. ಹಂಗಾಗಿ ದುಡ್ಡು ಅಲ್ಲಿಗೆ ಹೋಗ್ಬೇಕು.

ಆಟೋಕ್ಯಾಡ್‌ನಿಂದ್ಲೇ ಶುರು ಮಾಡೋಣ. ಆಟೋಡೆಸ್ಕ್‌ನವ್ರ ಎಜುಕೇಶನ್ ಪ್ಲಾನ್ ಅಂತ ಇದೆ, ಅದರಲ್ಲಿ ಆಟೋಕ್ಯಾಡ್, ರೆವಿಟ್, 3ಡಿಎಸ್ ಮ್ಯಾಕ್ಸ್ ಇತ್ಯಾದಿ ಎಲ್ಲಾ ಒಂದು ವರ್ಷಕ್ಕೆ ಫ್ರೀ, ನೀನು ಸ್ಟೂಡೆಂಟ್ ಆಗಿರೋವರೆಗೂ ಪ್ರತಿವರ್ಷ ರಿನ್ಯೂ ಮಾಡ್ಕೊಂಡು ಹೋಗ್ಬಹುದು. ಫೀಚರ್ ಕಡಿಮೆ ಮಾಡಿರೋ ಡಬ್ಬಾ ವರ್ಷನ್ ಅಲ್ಲ ಅದು, ಆಫೀಸುಗಳು ದುಡ್ಡು ಕೊಟ್ಟು ಬಳಸೋದೇ. ಅಮೆರಿಕದ ಬೆಲೆ ನೋಡಿದ್ರೆ ಆಟೋಕ್ಯಾಡ್ ಒಂದಕ್ಕೇ ವರ್ಷಕ್ಕೆ 2,000 ಡಾಲರ್ ಆಸುಪಾಸು ಬೀಳತ್ತೆ. ಯಾಕೆ ಫ್ರೀ ಕೊಡ್ತಾರೆ ಅಂದ್ರೆ ದಾನಕ್ಕಲ್ಲ, ಐದು ವರ್ಷ ಕೈಗೆ ಅದೇ ರೂಢಿ ಆದ್ಮೇಲೆ ನಾಳೆ ನೀನು ಕೂರೋ ಆಫೀಸು ಅದನ್ನೇ ಕೊಳ್ಬೇಕಾಗತ್ತಲ್ಲ. 2020ರಲ್ಲಿ ಜಹಾ ಹದೀದ್ ಆರ್ಕಿಟೆಕ್ಟ್ಸ್ ಸೇರಿ ಬ್ರಿಟನ್ನಿನ ಹಲವು ದೊಡ್ಡ ಆಫೀಸುಗಳೇ ಆಟೋಡೆಸ್ಕ್ ಸಿಇಓಗೆ ಬಹಿರಂಗ ಪತ್ರ ಬರೆದಿದ್ರು, ರೆವಿಟ್ ಬೆಲೆ ಏರ್ತಾನೇ ಇದೆ, ಸಾಫ್ಟ್‌ವೇರ್ ಮಾತ್ರ ಇದ್ದಲ್ಲೇ ಇದೆ ಅಂತ. ಆ ಆಫೀಸುಗಳೂ ಗೊಣಗೋ ರೇಟು ಅದು. ನಿನಗೆ ಪುಕ್ಕಟೆ ಸಿಗ್ತಿರುವಾಗ ಸಂಕೋಚ ಬೇಡ, ತಗೋ, ಆದ್ರೆ ಯಾಕೆ ಸಿಗ್ತಿದೆ ಅನ್ನೋದು ನೆನಪಲ್ಲಿರಲಿ.

ಈಗ ಆ ವೆರಿಫಿಕೇಶನ್ ವಿಷ್ಯ, ಇಲ್ಲೇ ನಮ್ಮ ಕಡೆ ಹುಡುಗ್ರು ಸಿಕ್ಕಾಕ್ಕೊಳ್ಳೋದು. ಅವ್ರು ಕೇಳೋದು ಮೂರೇ: ಡಾಕ್ಯುಮೆಂಟಲ್ಲಿ ನಿನ್ನ ಹೆಸರು ಇರ್ಬೇಕು, ಕಾಲೇಜ್ ಹೆಸರು ಇರ್ಬೇಕು, ಈ ಅಕಾಡೆಮಿಕ್ ವರ್ಷದ್ದು ಅಂತ ತೋರ್ಸೋ ತಾರೀಖು ಇರ್ಬೇಕು. ಮೂರರಲ್ಲಿ ನಮ್ಗೆ ಕೈಕೊಡೋದು ಹೆಸರು. ನಮ್ಮಲ್ಲಿ ಇನಿಷಿಯಲ್ ಪದ್ಧತಿ ತಾನೇ, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಅದೇ ಅಕ್ಷರ ಬಿಡಿಸಿ ಊರು ಮತ್ತೆ ಅಪ್ಪನ ಹೆಸರು, ಕಾಲೇಜ್ ಐಡಿಲಿ ಇನಿಷಿಯಲ್ಲೇ ಇಲ್ಲ. ಆ ಫಾರ್ಮ್‌ಗೆ ಫಸ್ಟ್ ನೇಮ್ ಲಾಸ್ಟ್ ನೇಮ್ ಎರಡೂ ಕಡ್ಡಾಯ, ನೀನು ಲಾಸ್ಟ್ ನೇಮ್ ಜಾಗದಲ್ಲಿ ಅಪ್ಪನ ಹೆಸರು ಪೂರ್ತಿ ಬರೀತೀಯ, ಅಪ್‌ಲೋಡ್ ಮಾಡಿದ ಫೀ ರಸೀದಿಲಿ ಬರೀ "ಎಚ್ ಬಿ" ಅಂತಿರತ್ತೆ, ಹೆಸರು ಮ್ಯಾಚ್ ಆಗಿಲ್ಲ ಅಂತ ವಾಪಸ್ ಬರತ್ತೆ. ಉಪಾಯ ಏನಂದ್ರೆ, ಮೊದ್ಲು ಯಾವ ಕಾಗದ ಅಪ್‌ಲೋಡ್ ಮಾಡ್ತೀಯೋ ಅದನ್ನ ಮುಂದೆ ಇಟ್ಕೋ, ಅದರಲ್ಲಿ ಅಕ್ಷರಕ್ಕೆ ಅಕ್ಷರ ಹೆಂಗಿದ್ಯೋ ಹಂಗೇ ಅಕೌಂಟ್ ಮಾಡು. ಇನಿಷಿಯಲ್ ಇದ್ರೆ ಲಾಸ್ಟ್ ನೇಮ್ ಅಂತ ಇನಿಷಿಯಲ್ಲೇ ಹಾಕು. ಆಧಾರ್ ತಂಟೆಗೇ ಹೋಗ್ಬೇಡ, ಅದು ನೀನು ಸ್ಟೂಡೆಂಟ್ ಅಂತ ಹೇಳಲ್ಲ.

ತಾರೀಖಿನದ್ದು ಇನ್ನೊಂದು ಕಿರಿಕಿರಿ. ಎಷ್ಟೋ ಕಾಲೇಜ್ ಐಡಿಲಿ ಬರೀ ಬ್ಯಾಚ್ ಇರತ್ತೆ ಇಲ್ಲಾ ಏನೂ ಇರಲ್ಲ. ಹಂಗಿದ್ರೆ ಆಫೀಸಿಗೆ ಹೋಗಿ ಒಂದು ಸ್ಟಡಿ ಸರ್ಟಿಫಿಕೇಟ್ ಬರೆಸ್ಕೋ, ಲೆಟರ್‌ಹೆಡ್ ಮೇಲೆ, ಇಂಗ್ಲಿಷಲ್ಲಿ, ಪೂರ್ತಿ ಹೆಸರು, ಯುಎಸ್ಎನ್ (ಯೂನಿವರ್ಸಿಟಿ ರಿಜಿಸ್ಟರ್ ನಂಬರ್), ಎಷ್ಟನೇ ಸೆಮ್, ಯಾವ ಅಕಾಡೆಮಿಕ್ ವರ್ಷ, ತಾರೀಖು, ಸೀಲು. ಬಸ್ ಪಾಸ್‌ಗೆ ಬರ್ಕೊಡ್ತಾರಲ್ಲ ಅದೇ ಬೋನಫೈಡು, ಕ್ಲರ್ಕಿಗೆ ಹಂಗೇ ಹೇಳು, ಬೇಗ ಆಗತ್ತೆ. ಬೆಳಕು ಚೆನ್ನಾಗಿರೋ ಕಡೆ ಇಟ್ಟು ನಾಲ್ಕೂ ಮೂಲೆ ಕಾಣೋ ಹಂಗೆ ಫೋಟೋ ತೆಗಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಓಕೆ ಆಗತ್ತೆ, ಅಂದ್ರೆ ಸಬ್‌ಮಿಷನ್ ಹಿಂದಿನ ರಾತ್ರಿ ಹನ್ನೊಂದಕ್ಕೆ ಶುರು ಮಾಡೋ ಕೆಲ್ಸ ಅಲ್ಲ ಇದು. ರಿನ್ಯೂವಲ್ಲೂ ಅಷ್ಟೇ, ಎಕ್ಸ್‌ಪೈರಿ ತಾರೀಖನ್ನ ಫೋನಲ್ಲಿ ರಿಮೈಂಡರ್ ಹಾಕ್ಕೋ, ಅದು ಕರೆಕ್ಟಾಗಿ ಜ್ಯೂರಿ (ಶೀಟ್ ಗೋಡೆಗೆ ಅಂಟ್ಸಿ ಮಾರ್ಕ್ಸ್ ಹಾಕೋ ಪರೀಕ್ಷೆ) ವಾರದಲ್ಲೇ ಬಂದು ವಕ್ಕರಿಸತ್ತೆ.

ಡೌನ್‌ಲೋಡ್ ಮಾತ್ರ ಪಿಜಿಲಿ ಮೊಬೈಲ್ ಡೇಟಾದಲ್ಲಿ ಮಾಡೋಕೆ ಹೋಗ್ಬೇಡ, ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕಲ್ಲಿ ಮುಗಿಯೋದಲ್ಲ, ಕಾಲೇಜ್ ವೈಫೈಲಿ ಮಾಡು. ರೆವಿಟ್‌ಗೆ ಡಿಸ್ಕಲ್ಲೇ 30 ಜಿಬಿ ಖಾಲಿ ಬೇಕು. ಇನ್ನೊಂದು, ಯಾವ ವರ್ಷದ ವರ್ಷನ್ ಹಾಕ್ಬೇಕು ಅಂತ ಲ್ಯಾಬಲ್ಲಿ ನೋಡ್ಕೊಂಡು ಹಾಕು. ಆಟೋಕ್ಯಾಡ್ ಪರವಾಗಿಲ್ಲ, ಹೊಸದರಲ್ಲಿ ಮಾಡಿದ್ದನ್ನ ಸೇವ್ ಆ್ಯಸ್ ಅಂತ ಹೋಗಿ ಹಳೇ ಫಾರ್ಮ್ಯಾಟಿಗೆ ಇಳಿಸ್ಬಹುದು, 2018 ಡಿಡಬ್ಲ್ಯುಜಿ (ಆಟೋಕ್ಯಾಡಿನ ಫೈಲ್ ಫಾರ್ಮ್ಯಾಟು) ಅಂತ ಕೊಟ್ರೆ ಆಮೇಲಿನ ಸುಮಾರು ಎಲ್ಲದರಲ್ಲೂ ಓಪನ್ ಆಗತ್ತೆ. ರೆವಿಟ್ ಹಂಗಲ್ಲ. ಹೊಸ ರೆವಿಟಲ್ಲಿ ಸೇವ್ ಆದ ಫೈಲು ಹಳೇ ರೆವಿಟಲ್ಲಿ ಓಪನ್ನೇ ಆಗಲ್ಲ, ವಾಪಸ್ ಇಳಿಸೋ ದಾರಿನೇ ಇಲ್ಲ. ನಿನ್ನ ಲ್ಯಾಪ್‌ಟಾಪಲ್ಲಿ ಲೇಟೆಸ್ಟು, ಲ್ಯಾಬಲ್ಲಿ ಎರಡು ವರ್ಷ ಹಳೇದು ಅಂತಾದ್ರೆ ನೀನು ರಾತ್ರಿ ಮಾಡಿದ ಮಾಡೆಲ್ಲು ಬೆಳಗ್ಗೆ ಅಲ್ಲಿ ತೆಗೆಯೋಕಾಗಲ್ಲ. ಗ್ರೂಪ್ ಪ್ರಾಜೆಕ್ಟಲ್ಲಿ ನಾಲ್ಕು ಜನ ನಾಲ್ಕು ವರ್ಷನ್ ಹಾಕ್ಕೊಂಡು ಕೂತಿರೋದನ್ನ ಸ್ಟುಡಿಯೋದಲ್ಲಿ ಪ್ರತಿವರ್ಷ ನೋಡ್ತೀನಿ, ಡಿಸೈನ್ ಡಿಸ್ಕಷನ್ ಆಗೋ ಬದ್ಲು ಯಾರದ್ದು ಅಪ್‌ಗ್ರೇಡ್ ಮಾಡೋದು ಅನ್ನೋ ಪಂಚಾಯ್ತಿನೇ ನಡೀತಿರತ್ತೆ.

ಈ ಲೈಸೆನ್ಸ್ ಓದೋಕೆ ಮಾತ್ರ, ದುಡಿಯೋಕಲ್ಲ. ಚಿಕ್ಕಪ್ಪನ ಮನೆ ಪ್ಲಾನ್ ಸುಮ್ನೆ ಮಾಡ್ಕೊಟ್ರೆ ಯಾರೂ ಕೇಳಲ್ಲ ಅಂದ್ಕೋತೀಯ, ಆದ್ರೆ ಇಂಟರ್ನ್‌ಶಿಪ್ ಸೆಮಿಸ್ಟರಲ್ಲಿ ಇದು ನಿಜವಾಗ್ಲೂ ಎದುರಾಗತ್ತೆ. "ನಿನ್ನ ಲ್ಯಾಪ್‌ಟಾಪ್ ತಂದ್ಬಿಡು, ಸಾಫ್ಟ್‌ವೇರ್ ಇದ್ಯಲ್ಲ" ಅನ್ನೋ ಆಫೀಸುಗಳು ಇದಾವೆ. ಅಂದ್ರೆ ಅವ್ರು ಕೊಡ್ಬೇಕಾದ ಲೈಸೆನ್ಸ್ ದುಡ್ಡನ್ನ ನಿನ್ನ ಸ್ಟೂಡೆಂಟ್ ಅಕೌಂಟಿಂದ ಉಳಿಸ್ಕೋತಿದಾರೆ ಅಂತ, ನಿಯಮ ಮುರಿಯೋ ಹೆಸರು ಮಾತ್ರ ನಿನ್ನದು. ಇಂಟರ್ವ್ಯೂಲೇ ಕೇಳ್ಬಿಡು, ಸರ್ ಮೆಷೀನ್ ಆಫೀಸಿಂದೇ ಕೊಡ್ತೀರಾ ಅಂತ. ಕೇಳೋದ್ರಲ್ಲಿ ತಪ್ಪೇನಿಲ್ಲ, ಅವರ ಉತ್ತರದಲ್ಲೇ ಆ ಆಫೀಸಿನ ಹಣೆಬರಹ ಅರ್ಧ ಗೊತ್ತಾಗತ್ತೆ.

ಕ್ರ್ಯಾಕ್ ವಿಷ್ಯಕ್ಕೆ ಬರ್ತೀನಿ. ಬೋಧನೆ ಮಾಡಲ್ಲ, ನಮ್ಮ ಕಾಲದಲ್ಲಿ ಎಲ್ಲರ ಹತ್ರನೂ ಅದೇ ಇತ್ತು, ಬೇರೆ ದಾರಿನೂ ಇರಲಿಲ್ಲ. ಈಗ ಇದೆ, ವ್ಯತ್ಯಾಸ ಅಷ್ಟೇ. ಕಾನೂನು ಏನನ್ನತ್ತೆ ಅಂತ ಗೊತ್ತಿರಲಿ: 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಕದ್ದ ಪ್ರೋಗ್ರಾಂ ಅಂತ ಗೊತ್ತಿದ್ದೂ ಕಂಪ್ಯೂಟರಲ್ಲಿ ಬಳಸಿದ್ರೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಲ್ಲ, ವ್ಯಾಪಾರಕ್ಕಲ್ಲ ಅಂತ ತೋರ್ಸಿದ್ರೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡಕ್ಕೇ ನಿಲ್ಲಿಸ್ಬಹುದು. ಪಿಜಿ ರೂಮಿಗೆ ಪೊಲೀಸ್ ಬರ್ತಾರೆ ಅಂತ ಹೆದರಿಸ್ತಿಲ್ಲ, ಬರಲ್ಲ. ನಿಜವಾದ ಅಪಾಯ ಬೇರೆ. ಆ ಇನ್‌ಸ್ಟಾಲರ್ ಜೊತೆ ಬರೋ ರೀಡ್‌ಮಿ ಓದಿದ್ದೀಯಾ? ಮೊದಲ್ನೇ ಸಾಲೇ ಆ್ಯಂಟಿವೈರಸ್ ಆಫ್ ಮಾಡಿ, ಎರಡನೇದು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಯಾರೋ ಗುರುತು ಪರಿಚಯ ಇಲ್ದೋನಿಗೆ ನೀನೇ ಬಾಗಿಲು ತೆಗೆದು ಮನೆ ಬೀಗದ ಕೈನೂ ಕೊಟ್ಟ ಹಂಗೆ. ಅದೇ ಲ್ಯಾಪ್‌ಟಾಪಲ್ಲೇ ನೀನು ಫೀ ಕಟ್ಟೋದು, ಅಪ್ಪನ ಬ್ಯಾಂಕ್ ಲಾಗಿನ್ ಮಾಡೋದು. ಒಬ್ಬ ಹುಡುಗನ ಥೀಸಿಸ್ ಫೋಲ್ಡರ್ ಪೂರ್ತಿ ಲಾಕ್ ಆಗಿ ಬಿಟ್‌ಕಾಯಿನ್ ಕೇಳೋ ನೋಟ್ ಬಂದಿದ್ದನ್ನ ಕಣ್ಣಾರೆ ನೋಡಿದೀನಿ, ಪಾಪ ಅವನು ಪೆನ್‌ಡ್ರೈವ್ ಬ್ಯಾಕಪ್ಪೂ ಆಗ ಲ್ಯಾಪ್‌ಟಾಪಿಗೇ ಸಿಕ್ಸಿದ್ದ, ಅದೂ ಹೋಯ್ತು.

ಸ್ಕೆಚ್‌ಅಪ್ ಕಥೆ ಸ್ವಲ್ಪ ಬೇರೆ, 3ಡಿ ಮಾಡೆಲ್ ಮಾಡೋ ಅದು ಪೂರ್ತಿ ಫ್ರೀ ಇಲ್ಲ. ಬ್ರೌಸರಲ್ಲಿ ನಡೆಯೋ ಸ್ಕೆಚ್‌ಅಪ್ ಫ್ರೀ ಇದೆ, ಎರಡನೇ ವರ್ಷದ ಮಾಸಿಂಗ್‌ಗೆ (ಬಿಲ್ಡಿಂಗಿನ ಒಟ್ಟು ಆಕಾರ ಮಾಡೋಕೆ) ಅದು ಧಾರಾಳ ಸಾಕು. ಪ್ಲಗಿನ್ ಹಾಕೋಕಾಗಲ್ಲ, ಶೀಟ್ ಜೋಡಿಸೋ ಲೇಔಟ್ ಇಲ್ಲ, ಎಲ್ಲಕ್ಕಿಂತ ದೊಡ್ಡ ತೊಂದ್ರೆ ಡಿಡಬ್ಲ್ಯುಜಿ ಒಳಗೆ ತರೋಕಾಗಲ್ಲ, ಅದಕ್ಕೇ ಎಲ್ರೂ ಇದನ್ನ ಬಿಟ್ಟು ಕ್ರ್ಯಾಕಿಗೆ ಹೋಗೋದು. ಅದಕ್ಕೊಂದು ದಾರಿ ಇದೆ. ಆಟೋಕ್ಯಾಡಲ್ಲಿ ಪ್ಲಾನ್‌ನ ಪಿಎನ್‌ಜಿ ಮಾಡ್ಕೋ, ಮಾಡೋಕೆ ಮುಂಚೆ ಡೈಮೆನ್ಷನ್, ಫರ್ನಿಚರ್, ಹ್ಯಾಚ್ ಲೇಯರ್ ಎಲ್ಲಾ ಆಫ್ ಮಾಡಿ ಬರೀ ಗೋಡೆ ಬಿಡು. ಅದನ್ನ ಸ್ಕೆಚ್‌ಅಪ್ಪಿಗೆ ಇಮೇಜ್ ಅಂತ ತಂದು ನೆಲದ ಮೇಲೆ ಹಾಸು. ಈಗ ಟೇಪ್ ಮೆಷರ್ ತಗೊಂಡು ನಿನಗೆ ಅಳತೆ ಗೊತ್ತಿರೋ ಉದ್ದದ ಗೋಡೆನ ಈ ತುದಿಯಿಂದ ಆ ತುದಿಗೆ ಕ್ಲಿಕ್ ಮಾಡಿ ನಿಜವಾದ ಅಳತೆ ಟೈಪ್ ಮಾಡಿ ಎಂಟರ್ ಒತ್ತು, ಮಾಡೆಲ್ ರೀಸೈಜ್ ಮಾಡ್ಲಾ ಅಂತ ಕೇಳತ್ತೆ, ಯೆಸ್ ಅನ್ನು, ಪ್ಲಾನ್ ಸರಿಯಾದ ಸ್ಕೇಲಿಗೆ ಬಂದು ಕೂರತ್ತೆ. ಉದ್ದದ ಗೋಡೆ ಯಾಕೆ ಅಂದ್ರೆ ಬಾಗಿಲಿನ ಮೂರಡಿ ಹಿಡಿದು ಸ್ಕೇಲ್ ಮಾಡಿದ್ರೆ ಕ್ಲಿಕ್ಕಲ್ಲಿ ಆದ ಅರ್ಧ ಇಂಚು ಎಡವಟ್ಟು ಎಪ್ಪತ್ತಡಿ ಬಿಲ್ಡಿಂಗಲ್ಲಿ ಸುಮಾರು ಒಂದಡಿ ಆಗತ್ತೆ. ಮೇಲೆ ಟ್ರೇಸ್ ಮಾಡಿ ಎಳಿ. ಡಿಡಬ್ಲ್ಯುಜಿ ಇಂಪೋರ್ಟ್ ಮಾಡಿದ್ರೂ ಮುರಿದ ಗೆರೆ ಸರಿ ಮಾಡೋಕೆ ಅಷ್ಟೇ ಹೊತ್ತು ಹೋಗತ್ತೆ ಅನ್ನೋದು ನನ್ನ ಅನುಭವ. ಪ್ಲಗಿನ್ ಬೇಕೇ ಬೇಕು ಅನ್ನೋ ಕಾಲ ಬಂದಾಗ, ನಾಲ್ಕನೇ ವರ್ಷದಲ್ಲಿ ಅಂದ್ಕೋ, ಸ್ಟೂಡೆಂಟ್ ಪ್ಲಾನ್ ಇದೆ, ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 55 ಡಾಲರ್ ಆಸುಪಾಸು. ಆಗ ನೋಡೋಣ.

ಈಗ ದುಡ್ಡು ಎಲ್ಲಿ ಹಾಕೋದು ಅಂದ್ರೆ, ಆ 8 ಜಿಬಿ ರ‍್ಯಾಮಿಗೆ. ಆಟೋಕ್ಯಾಡ್ 8ರಲ್ಲಿ ನಡೀತದೆ, ರೆವಿಟ್ ತೆಗೆದು ಪಕ್ಕದಲ್ಲಿ ಕ್ರೋಮಲ್ಲಿ ನಾಲ್ಕು ಟ್ಯಾಬ್ ಇಟ್ರೆ ಮುಗೀತು ಕಥೆ. 16 ಮಾಡ್ಸು. ಆದ್ರೆ ಅಂಗಡಿಗೆ ಹೋಗೋಕೆ ಮುಂಚೆ ನಿನ್ನ ಮಾಡೆಲ್‌ನಲ್ಲಿ ಖಾಲಿ ಸ್ಲಾಟ್ ಇದ್ಯಾ ನೋಡ್ಕೋ, ಟಾಸ್ಕ್ ಮ್ಯಾನೇಜರ್ ಒಳಗೆ ಮೆಮೊರಿ ಅಂತ ಹೋದ್ರೆ ಎಷ್ಟು ಸ್ಲಾಟಲ್ಲಿ ಎಷ್ಟು ಬಳಕೆಲಿದೆ ಅಂತ ತೋರ್ಸತ್ತೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಅದಾದ್ರೆ ಏನೂ ಮಾಡೋಕಾಗಲ್ಲ. ಮೇಲೆ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಬ್ಯಾಕಪ್ ಆದ್ಮೇಲೆ ಕಿತ್ತು ಬೀರುಲಿ ಇಡೋಕೆ. ಉಳಿದಿದ್ದು ಬ್ಯಾಂಕಲ್ಲಿರಲಿ, ಅದಕ್ಕೆ ಕೆಲ್ಸ ಇದೆ, ಕೊನೇಲಿ ಹೇಳ್ತೀನಿ.

ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ಯಲ್ಲ, ಹಂಗಾದ್ರೆ ಮಾಡೆಲ್ಲಿಂದ ಫೋಟೋ ತರದ ಚಿತ್ರ (ರೆಂಡರ್) ತೆಗೆಯೋ ಲುಮಿಯನ್ ನಿನ್ನ ಮೆಷೀನಲ್ಲಿ ಕ್ರ್ಯಾಕ್ ಹಾಕಿದ್ರೂ ಓಡಲ್ಲ, ದುಡ್ಡು ಕೊಟ್ಟು ತಂದ್ರೂ ಓಡಲ್ಲ, ಆ ಅಂಗಡಿಯವನು ಇದನ್ನ ಹೇಳಿರಲ್ಲ. ಟ್ವಿನ್‌ಮೋಷನ್ ಅಂತ ಎಪಿಕ್ ಗೇಮ್ಸ್‌ನವ್ರದ್ದು ಇದೆ, ಸ್ಟೂಡೆಂಟ್ಸಿಗೂ ಫ್ರೀ, 2024ರಿಂದ ವರ್ಷದ ವಹಿವಾಟು 10 ಲಕ್ಷ ಡಾಲರಿಗಿಂತ ಕಡಿಮೆ ಇರೋ ಆಫೀಸುಗಳಿಗೂ ಫ್ರೀ, ಅಂದ್ರೆ ನಮ್ಮೂರಿನ ಬಹುಪಾಲು ಆಫೀಸುಗಳಿಗೆ. ಆದ್ರೆ ಅದಕ್ಕೂ ಒಳ್ಳೆ ಕಾರ್ಡ್ ಬೇಕು, ಲ್ಯಾಬ್ ಮೆಷೀನಲ್ಲಿ ಕಾರ್ಡ್ ಇದ್ರೆ ಅಲ್ಲಿ ಹಾಕ್ಸು. ನಿನ್ನ ಲ್ಯಾಪ್‌ಟಾಪಿಗೆ ಬ್ಲೆಂಡರ್. ಪೂರ್ತಿ ಫ್ರೀ, ಯಾವ ವೆರಿಫಿಕೇಶನ್ನೂ ಇಲ್ಲ, ಡಿಗ್ರಿ ಆದ್ಮೇಲೂ ನಿನ್ನದೇ. ಅದರ ಸೈಕಲ್ಸ್ ಅನ್ನೋ ರೆಂಡರರ್ ಕಾರ್ಡ್ ಇಲ್ದೆ ಬರೀ ಪ್ರೊಸೆಸರಲ್ಲೂ ನಡೀತದೆ, ನಿಧಾನ ಅಷ್ಟೇ, ಮಲಗೋ ಮುಂಚೆ ಬಿಟ್ಟು ಮಲಗ್ಬೇಕು. ಇಲ್ಲಿ ಒಂದು ಲೆಕ್ಕ ಯಾರೂ ಹೇಳ್ಕೊಡಲ್ಲ. ಶೀಟ್ ಮೇಲೆ ನಿನ್ನ ವ್ಯೂ 30 ಸೆಂಟಿಮೀಟರ್ ಅಗಲ ಬರತ್ತೆ ಅಂದ್ಕೋ, 150 ಡಿಪಿಐಗೆ ಪ್ರಿಂಟ್ ಮಾಡಿದ್ರೆ ಸುಮಾರು 1,770 ಪಿಕ್ಸೆಲ್ ಅಗಲ ಸಾಕು, ಅದಕ್ಕೆ 1,000 ಎತ್ತರ. ಎಲ್ರೂ 4ಕೆ ಅಂತ 3,840ಕ್ಕೆ 2,160 ಕೊಡ್ತಾರೆ, ಅಂದ್ರೆ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ಪಿಕ್ಸೆಲ್ಲು, ಟೈಮೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು. ಗೋಡೆಗೆ ಅಂಟ್ಸಿ ಮೂರಡಿ ದೂರದಿಂದ ನೋಡೋ ಜ್ಯೂರಿಗೆ ಆ ವ್ಯತ್ಯಾಸ ಕಾಣಲ್ಲ. ಸ್ಯಾಂಪಲ್ 128 ಇಟ್ಟು ಡಿನಾಯ್ಸ್ (ಚುಕ್ಕೆ ಚುಕ್ಕೆ ತೆಗೆಯೋದು) ಆನ್ ಮಾಡು, ಮೆಟೀರಿಯಲ್ ಹಾಕ್ದೆ ಬಿಳಿ ಮಾಡೆಲ್ಲೇ ಬಿಸಿಲು ನೆರಳಲ್ಲಿ ರೆಂಡರ್ ಮಾಡು, ಮಿಕ್ಕಿದ್ದು ಮೇಲಿಂದ ಕಲರ್ ಪೆನ್ಸಿಲಲ್ಲಿ ಮಾಡ್ಕೋ. ನನ್ನ ಕೇಳಿದ್ರೆ ಲುಮಿಯನ್‌ನ ಆ ರೆಡಿಮೇಡ್ ಮರ, ರೆಡಿಮೇಡ್ ಆಕಾಶ, ಕಾಫಿ ಹಿಡ್ಕೊಂಡಿರೋ ಫಾರಿನ್ ಹುಡುಗಿ ಎಲ್ಲಾ ನೋಡಿ ನೋಡಿ ಜ್ಯೂರಿಯವ್ರಿಗೆ ಸಾಕಾಗ್ಹೋಗಿದೆ.

ಶೀಟ್ ಕಾಂಪೋಸ್ ಮಾಡೋಕೆ ಫೋಟೋಶಾಪ್ ಬೇಕೇ ಬೇಕು ಅನ್ನೋದು ಬರೀ ರೂಢಿ. ಅಡೋಬಿ ಸ್ಟೂಡೆಂಟಿಗೆ ಡಿಸ್ಕೌಂಟ್ ಕೊಡತ್ತೆ, ಫ್ರೀ ಕೊಡಲ್ಲ, ತಿಂಗಳು ತಿಂಗಳು ಕಟ್ಟೋ ಬಾಬತ್ತು. ಅಫಿನಿಟಿ ಅಂತ ಒಂದಿತ್ತಲ್ಲ, ಅದನ್ನ ಕ್ಯಾನ್ವಾದವ್ರು 2024ರಲ್ಲಿ ಕೊಂಡ್ಕೊಂಡು 2025ರ ಕೊನೇಲಿ ಫ್ರೀ ಬಿಟ್ಟಿದಾರೆ, ಅಕೌಂಟ್ ಒಂದಿದ್ರೆ ಸಾಕು, ಫೋಟೋ, ವೆಕ್ಟರ್, ಪೇಜ್ ಲೇಔಟ್ ಮೂರೂ ಒಂದರಲ್ಲೇ. ಕಂಪನಿ ಮನಸ್ಸು ಯಾವಾಗ ಬದಲಾಗತ್ತೋ ಹೇಳೋಕಾಗಲ್ಲ, ಹಂಗಾಗಿ ಇಂಕ್‌ಸ್ಕೇಪೂ ಒಂದು ಕಲ್ತಿಟ್ಕೋ, ಆಟೋಕ್ಯಾಡಿಂದ ಪಿಡಿಎಫ್ ತೆಗೆದು ಅದರಲ್ಲಿ ಓಪನ್ ಮಾಡಿದ್ರೆ ಗೆರೆ ಗೆರೆಯಾಗೇ ಬರತ್ತೆ, ಲೈನ್‌ವೇಟ್ ಅಲ್ಲೇ ತಿದ್ಬಹುದು. ಪಿಎಸ್‌ಡಿ ಫೈಲ್ ಯಾರಾದ್ರೂ ಕಳ್ಸಿದ್ರೆ ಬ್ರೌಸರಲ್ಲಿ ಫೋಟೋಪಿಯಾ ತೆಗಿ, ಹೆಚ್ಚುಕಮ್ಮಿ ಫೋಟೋಶಾಪ್ ತರಾನೇ ಇರತ್ತೆ. ಇವನ್ನ ಕಲಿಯೋಕೆ ಕೋಚಿಂಗ್ ಸೆಂಟರಿಗೆ ಹತ್ತಿಪ್ಪತ್ತು ಸಾವಿರ ಸುರೀಬೇಡ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪ್ರಾಜೆಕ್ಟಲ್ಲಿ ಇಂಕ್‌ಸ್ಕೇಪ್, ಬ್ಲೆಂಡರ್, ಜಿಂಪ್ ಎಲ್ಲಕ್ಕೂ ಸಣ್ಣ ಸಣ್ಣ ಪಾಠ ಇದಾವೆ, ಕನ್ನಡ ಧ್ವನಿಲೂ ಎಷ್ಟೋ ಇದಾವೆ. ಸ್ಕ್ರೀನ್ ಹಳೇ ವರ್ಷನ್ನದ್ದು ಇರ್ಬಹುದು, ಬ್ಲೆಂಡರ್ ಅಂತೂ 2019ರಲ್ಲಿ 2.80 ಬಂದಾಗ ಮುಖಾನೇ ಬದಲಾಯ್ತು, ಅದಕ್ಕಿಂತ ಹಿಂದಿನ ವಿಡಿಯೋ ನೋಡಿದ್ರೆ ಬಟನ್ ಹುಡ್ಕೋದ್ರಲ್ಲೇ ಸಾಕಾಗತ್ತೆ, ಅದೊಂದು ನೋಡ್ಕೋ.

ಸೈಟ್ ಅನಾಲಿಸಿಸ್ಸಿಗೆ ಯಾವ ಕಾರಣಕ್ಕೂ ದುಡ್ಡು ಬೇಡ. ಸರ್ವೆ ನಂಬರ್ ಗಡಿಗೆ ನಮ್ಮ ಸರ್ಕಾರದ್ದೇ ದಿಶಾಂಕ್ ಆ್ಯಪ್ ಇದೆ, ಮ್ಯಾಪ್ ಕೆಲಸಕ್ಕೆ ಕ್ಯೂಜಿಐಎಸ್, ಗೂಗಲ್ ಅರ್ಥ್ ಪ್ರೋ 2015ರಿಂದ ಫ್ರೀ. ಹವಾಮಾನಕ್ಕೆ ಬರ್ಕ್ಲಿ ಯೂನಿವರ್ಸಿಟಿಯವ್ರ ಕ್ಲೈಮಾ ಟೂಲ್ ಬ್ರೌಸರಲ್ಲೇ ನಡೀತದೆ, ಭಾರತದ ಊರುಗಳ ಇಪಿಡಬ್ಲ್ಯು ಅನ್ನೋ ಹವಾಮಾನ ಫೈಲ್ ಆರಿಸ್ಕೊಂಡ್ರೆ ಸನ್‌ಪಾತು, ಗಾಳಿ, ಸೆಕೆ ಎಲ್ಲಾ ಚಾರ್ಟ್ ಆಗಿ ಬರತ್ತೆ. ಒಂದೇ ಒಂದು ಎಚ್ಚರಿಕೆ. ಇಸ್ರೋದ ಭುವನ್‌ನಲ್ಲಿ ಪುಕ್ಕಟೆ ಸಿಗೋ ಎತ್ತರದ ಡೇಟಾ ತಗೊಂಡು ಒಂದೆಕರೆ ಸೈಟಿಗೆ ಅರ್ಧ ಮೀಟರ್ ಕಾಂಟೂರ್ (ಸಮ ಎತ್ತರದ ಗೆರೆ) ಎಳ್ಕೊಂಡು ಬರ್ತಾರೆ, ನೋಡೋಕೆ ಬಹಳ ಚೆಂದ. ಆ ಡೇಟಾದ ಒಂದು ಚೌಕ 30 ಮೀಟರ್, ಒಂದೆಕರೆ ಅಂದ್ರೆ ಹೆಚ್ಚುಕಮ್ಮಿ 64 ಮೀಟರಿಗೆ 64, ಅಂದ್ರೆ ನಿನ್ನ ಇಡೀ ಸೈಟಲ್ಲಿ ಇರೋದೇ ನಾಲ್ಕು ಚಿಲ್ರೆ ಅಳತೆ. ಮಧ್ಯದ ಆ ಸುಂದರ ಗೆರೆಗಳೆಲ್ಲಾ ಸಾಫ್ಟ್‌ವೇರ್ ಕಟ್ಟಿದ ಕಥೆ. ಕಾಲೇಜ್ ಸ್ಟೋರಲ್ಲಿ ಎತ್ತರ ಅಳೆಯೋ ಡಂಪಿ ಲೆವೆಲ್ ಧೂಳು ಹಿಡೀತಾ ಇರತ್ತೆ, ಎತ್ಕೊಂಡ್ಹೋಗು.

ರೆವಿಟ್ ಬರ್ದಿದ್ರೆ ಕೆಲ್ಸ ಇಲ್ವಾ ಅಂತ ಕೇಳ್ದೆ. ಬೆಂಗಳೂರಿನ ದೊಡ್ಡ ಆಫೀಸು, ಆಮೇಲೆ ಹೊರದೇಶದ ಡ್ರಾಯಿಂಗ್ ಮಾಡೋ ಬಿಮ್ (ರೆವಿಟ್ ತರ ಇಡೀ ಬಿಲ್ಡಿಂಗ್ ಮಾಡೆಲ್ ಮಾಡೋ ಪದ್ಧತಿ) ಕಂಪನಿಗಳಿಗೆ ಹೋಗೋದಾದ್ರೆ ನಿಜ, ಅಲ್ಲಿ ಮೊದಲ ಪ್ರಶ್ನೆನೇ ಅದು. ಹುಬ್ಳಿ, ದಾವಣಗೆರೆ, ಶಿವಮೊಗ್ಗ ಅಂತ ಐದಾರು ಜನರ ಆಫೀಸುಗಳಲ್ಲಿ ಇವತ್ತಿಗೂ ಆಟೋಕ್ಯಾಡ್ ಪ್ಲಸ್ ಸ್ಕೆಚ್‌ಅಪ್ಪೇ ನಡೀತಿರೋದು. ಎಲ್ಲಿಗೆ ಹೋಗೋದಾದ್ರೂ ರೆವಿಟ್ ಮೂರನೇ ವರ್ಷ ವರ್ಕಿಂಗ್ ಡ್ರಾಯಿಂಗ್ (ಕಟ್ಟೋಕೆ ಬೇಕಾದ ವಿವರದ ಡ್ರಾಯಿಂಗ್) ಬಂದಾಗ ಶುರು ಮಾಡಿದ್ರೆ ಸಾಕು. ಗೋಡೆಲಿ ಲಿಂಟಲ್ ಎಲ್ಲಿ ಬರತ್ತೆ, ಸಜ್ಜಾ ಎಷ್ಟು ಚಾಚತ್ತೆ, ಸ್ಲ್ಯಾಬು ಬೀಮ್ ಹೆಂಗೆ ಸೇರತ್ತೆ ಗೊತ್ತಿಲ್ದೆ ರೆವಿಟಲ್ಲಿ ಗೋಡೆ ಎಳೆದ್ರೆ ಅದು ಕೇಳೋ ಅರ್ಧ ಪ್ರಶ್ನೆಗೆ ನಿನ್ನ ಹತ್ರ ಉತ್ತರನೇ ಇರಲ್ಲ, ಡೀಫಾಲ್ಟ್ ಏನಿದ್ಯೋ ಅದನ್ನೇ ಓಕೆ ಕೊಟ್ಟು ಅಮೆರಿಕದ ಮರದ ಗೋಡೆ ಇರೋ ಮನೆನ ಹಾವೇರಿಲಿ ಕಟ್ತೀಯ. ರೆವಿಟ್ ಬೇಡ ಅನ್ಸಿದ್ರೆ ಆರ್ಕಿಕ್ಯಾಡೂ ಸ್ಟೂಡೆಂಟ್ಸಿಗೆ ಫ್ರೀ, ಮ್ಯಾಕಲ್ಲೂ ನಡೀತದೆ, ರೆವಿಟ್ ಮ್ಯಾಕಲ್ಲಿ ಇಲ್ಲ. ಆರ್ಕಿಕ್ಯಾಡ್ ಪ್ರಿಂಟ್ ಮೇಲೆ ಎಜುಕೇಶನ್ ವರ್ಷನ್ ಅಂತ ಗುರುತು ಬೀಳತ್ತೆ, ಜ್ಯೂರಿಯವ್ರು ಯಾರೂ ಅದಕ್ಕೆ ಮಾರ್ಕ್ಸ್ ಕಳೆಯಲ್ಲ.

ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಅನ್ನೋ ಪುಕ್ಕಟೆ ಡ್ರಾಯಿಂಗ್ ಸಾಫ್ಟ್‌ವೇರ್ ಬಗ್ಗೆನೂ ಯಾರಾದ್ರೂ ಹೇಳ್ತಾರೆ. ಫ್ರೀಕ್ಯಾಡ್ 2024ರ ನವೆಂಬರಲ್ಲಿ ಕೊನೆಗೂ 1.0 ಆಯ್ತು, ಬಿಮ್ ವರ್ಕ್‌ಬೆಂಚ್ ಒಳಗೇ ಇದೆ, ಬ್ಲೆಂಡರಿಗೆ ಬೊನ್ಸಾಯ್ ಅನ್ನೋ ಬಿಮ್ ಆ್ಯಡಾನ್ ಇದೆ, ಎರಡೂ ಐಎಫ್‌ಸಿ (ಬಿಮ್ ಸಾಫ್ಟ್‌ವೇರ್‌ಗಳಿಗೆಲ್ಲ ಸಾಮಾನ್ಯವಾದ ಫೈಲ್ ಫಾರ್ಮ್ಯಾಟು) ಚೆನ್ನಾಗಿ ಓದ್ತಾವೆ. ಕುತೂಹಲ ಇದ್ರೆ ರಜೇಲಿ ನೋಡು. ಆದ್ರೆ ಡಿಡಬ್ಲ್ಯುಜಿ ಆಟೋಡೆಸ್ಕಿನ ಸ್ವಂತ ಫಾರ್ಮ್ಯಾಟು, ಇವು ಅದನ್ನ ನೇರ ಓದೋಕೆ ತಿಣುಕ್ತಾವೆ, ಓಡಿಎ ಫೈಲ್ ಕನ್ವರ್ಟರ್ ಅಂತ ಒಂದು ಫ್ರೀ ಟೂಲಲ್ಲಿ ಡಿಎಕ್ಸ್ಎಫ್ (ಇವು ಓದೋ ಫಾರ್ಮ್ಯಾಟು) ಮಾಡ್ಕೊಂಡು ಕೊಡ್ಬೇಕು, ಫಾಂಟು ಹ್ಯಾಚು ಅಲ್ಲಲ್ಲಿ ಹೋಗತ್ತೆ. ಸೆಮಿಸ್ಟರ್ ಮಧ್ಯೆ, ಗೈಡಿಗೆ ಮೂರು ಗಂಟೆಗೆ ಡಿಡಬ್ಲ್ಯುಜಿ ಮೇಲ್ ಮಾಡ್ಬೇಕಾದ ದಿನ, ಈ ಸಾಹಸ ಬೇಡ.

ಈಗ ಉಳಿಸಿದ ದುಡ್ಡು. ನನ್ನ ಮಟ್ಟಿಗೆ ಸ್ಟೂಡೆಂಟ್ ಆಗಿದ್ದಾಗ ದುಡ್ಡು ಕೊಟ್ಟು ತಗೊಳ್ಳೋಕೆ ಲಾಯಕ್ಕಾದ ಸಾಫ್ಟ್‌ವೇರ್ ಒಂದೇ ಒಂದು, 3ಡಿ ಮಾಡೆಲ್ ಮಾಡೋ ರೈನೋ. ಸ್ಟೂಡೆಂಟ್ ಬೆಲೆ 195 ಡಾಲರ್, ಇವತ್ತಿನ ರೇಟಲ್ಲಿ 17 ಸಾವಿರದ ಆಚೀಚೆ, ಟ್ಯಾಕ್ಸ್ ಬೇರೆ, ಇಲ್ಲಿನ ರೀಸೆಲ್ಲರ್ ಹತ್ರ ಕೋಟೇಶನ್ ಕೇಳು. ಏನು ವಿಶೇಷ ಅಂದ್ರೆ ಅದು ಎಕ್ಸ್‌ಪೈರ್ ಆಗಲ್ಲ, ಡಿಗ್ರಿ ಆದ್ಮೇಲೂ ನಿನ್ನದೇ, ಅದಕ್ಕಿಂತ ಮುಖ್ಯವಾಗಿ ಅದೇ ಲೈಸೆನ್ಸಲ್ಲಿ ದುಡ್ಡಿನ ಕೆಲ್ಸ ಮಾಡೋಕೂ ಕಂಪನಿಯವ್ರೇ ಒಪ್ತಾರೆ. ಬೇರೆಯವ್ರು ಹಿಂಗೆ ಕೊಡೋದು ಅಪರೂಪ. ಗ್ರಾಸ್‌ಹಾಪರ್ (ಲೆಕ್ಕ ಕೊಟ್ಟು ಆಕಾರ ಮಾಡೋದು) 2018ರ ರೈನೋ 6ರಿಂದ ಒಳಗೇ ಬರತ್ತೆ, ಬಿಸಿಲು ಹವಾಮಾನ ಲೆಕ್ಕ ಹಾಕೋ ಲೇಡಿಬಗ್ ಫ್ರೀಯಾಗಿ ಸೇರಿಸ್ಕೋಬಹುದು. ಈಗ್ಲೇ ಕೊಳ್ಬೇಡ. 90 ದಿನದ ಟ್ರಯಲ್ಲು ಪೂರ್ತಿ ಫೀಚರ್ ಇರೋದು, ನಾಲ್ಕನೇ ವರ್ಷದ ಒಂದು ಸೆಮಿಸ್ಟರ್ ಶುರುವಲ್ಲಿ ಹಾಕ್ಕೊಂಡು ಇಡೀ ಪ್ರಾಜೆಕ್ಟ್ ಅದರಲ್ಲಿ ಎಳಿ, ನಿನಗೆ ಒಗ್ತು ಅನ್ಸಿದ್ರೆ ಕೊನೇ ವರ್ಷ, ಐಡಿ ಕಾರ್ಡ್ ವ್ಯಾಲಿಡ್ ಇರೋ ಹೊತ್ತಲ್ಲೇ ತಗೋ. ಎಲ್ರೂ ಮರೆಯೋದು ಇದನ್ನೇ, ಡಿಗ್ರಿ ಮುಗಿದ ಮೇಲೆ ಬಂದು ಕೇಳ್ತಾರೆ, ಆಗ ಸ್ಟೂಡೆಂಟ್ ಬೆಲೆ ಎಲ್ಲಿಂದ ಬರತ್ತೆ.

ಹತ್ತನೇ ಸೆಮಲ್ಲಿ ಇನ್ನೊಂದು ಕೆಲ್ಸ, ಅರ್ಧ ದಿನದ್ದು. ಆಟೋಡೆಸ್ಕ್ ಅಕೌಂಟ್ ಮುಗಿಯೋ ಮುಂಚೆ ಪ್ರತಿ ಪ್ರಾಜೆಕ್ಟ್ ತೆಗೆದು ಶೀಟ್‌ಗಳ ಪಿಡಿಎಫ್, ಡ್ರಾಯಿಂಗ್‌ಗಳ 2018 ಡಿಡಬ್ಲ್ಯುಜಿ, ರೆವಿಟ್ ಮಾಡೆಲ್‌ಗಳ ಐಎಫ್‌ಸಿ ಮಾಡಿ ಡಿಸ್ಕಲ್ಲಿ ಇಡು. ಡಿಡಬ್ಲ್ಯುಜಿ ನೋಡೋಕೆ ಆಮೇಲೂ ಟ್ರೂವ್ಯೂ ಫ್ರೀ ಸಿಗತ್ತೆ, ರೆವಿಟ್ ಫೈಲ್ ಮಾತ್ರ ಲೈಸೆನ್ಸ್ ಇಲ್ದೆ ಹೋದ್ರೆ ನಿನ್ನ ಥೀಸಿಸ್ಸನ್ನೇ ನೀನು ತಿದ್ದೋಕಾಗಲ್ಲ. ಸ್ವಂತ ಪ್ರಾಕ್ಟೀಸ್ ಶುರು ಮಾಡೋ ದಿನ ಬಂದ್ರೆ ಆಟೋಕ್ಯಾಡೇ ಬೇಕಂತಿಲ್ಲ, ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್ ಒಂದೇ ಸಲ ಕೊಂಡು ಇಟ್ಕೊಳ್ಳೋ ಲೈಸೆನ್ಸ್ ಈಗ್ಲೂ ಕೊಡ್ತಾರೆ, ಡಿಡಬ್ಲ್ಯುಜಿ ನೇರ ಓದ್ತಾವೆ, ಕಮಾಂಡೂ ಅವೇ. ಆಟೋಡೆಸ್ಕ್ ಅಂತೂ ಹಂಗೆ ಮಾರೋದನ್ನ 2016ರಲ್ಲೇ ನಿಲ್ಲಿಸ್ತು.

ಲ್ಯಾಬ್ ನಾಲ್ಕೂವರೆಗೆ ಮುಚ್ತಾರೆ ಅಂದ್ಯಲ್ಲ, ಅದನ್ನ ಸುಮ್ನೆ ಒಪ್ಕೋಬೇಡಿ. ಕ್ಲಾಸಿನೋರು ಸೇರಿ ಎಚ್‌ಓಡಿಗೆ ಒಂದು ಅರ್ಜಿ ಕೊಡಿ, ಜ್ಯೂರಿ ಹಿಂದಿನ ಎರಡು ವಾರವಾದ್ರೂ ರಾತ್ರಿ ಎಂಟರವರೆಗೆ ತೆಗೀಲಿ, ಸರದಿ ಮೇಲೆ ಇಬ್ರಿಬ್ರು ಹುಡುಗ್ರು ಜವಾಬ್ದಾರಿಗೆ ಸೈನ್ ಮಾಡ್ತೀವಿ ಅಂತ ಬರೀರಿ, ಯಾಕಂದ್ರೆ ಅವ್ರು ಮೊದ್ಲು ಹೇಳೋ ನೆಪ ಅಟೆಂಡರ್ ಇಲ್ಲ ಅನ್ನೋದು. ಅದೇ ಅರ್ಜೀಲಿ ರೈನೋ ಲ್ಯಾಬ್ ಲೈಸೆನ್ಸ್ ವಿಷ್ಯನೂ ಸೇರ್ಸಿ, 30 ಸೀಟಿಗೆ 975 ಡಾಲರ್, ಅಂದ್ರೆ ಸೀಟಿಗೆ ಮೂರು ಸಾವಿರದ ಆಸುಪಾಸು ಬೀಳತ್ತೆ, ಅದೂ ವರ್ಷ ವರ್ಷ ಕಟ್ಟೋದಲ್ಲ. ಈ ಲೆಕ್ಕ ಕಾಗದದ ಮೇಲೆ ಕಾಣೋ ಹಂಗೆ ಬರೀರಿ, ಕೋಟೇಶನ್ ಲಗತ್ತಿಸಿ, ಮುಂದಿನ ವರ್ಷದ ಬಜೆಟ್ ಕೂರೋ ಮುಂಚೆ ಕೊಡಿ.